ಕಿಟಕಿ ತೆಗೀರಿ ಅಂತೀರಲ್ಲ, ಕಿಟಕಿ ಎಲ್ಲಿದೆ ಸ್ವಾಮಿ?

ಪೋಸ್ಟ್ ಉದ್ದ ಇದೆ. ಮನೇಲಿ ಉಬ್ಬಸದ ಮಗು ಇರೋರು, ರಾತ್ರಿ ಮೂರು ಗಂಟೆಗೆ ಅದರ ಬೆನ್ನು ನೀವುತ್ತಾ ಕೂತು ಗೊತ್ತಿರೋರು ಪೂರ್ತಿ ಓದಿ. ಮಿಕ್ಕವರೂ ಓದಿ. ಯಾಕಂದ್ರೆ ನಮ್ಮ ಸಭೆಗಳ ಅಜೆಂಡಾಕ್ಕೆ ಒಮ್ಮೆಯೂ ಬರದ ವಿಷಯ ಇದು.

ಚಳಿಗಾಲ ಶುರುವಾದ್ರೆ ಸಾಕು, ಪೇಪರಿನ ಪುರವಣಿಯಲ್ಲಿ, ವಾಟ್ಸಪ್ಪಲ್ಲಿ, ರೀಲ್ಸಲ್ಲಿ ಒಂದೇ ಉಪದೇಶ. ಮನೆಯೊಳಗಿನ ಗಾಳಿ ಶುದ್ಧವಾಗಿಡಲು ಹತ್ತು ಸೂತ್ರಗಳು. ಬೆಳಗ್ಗೆ ಎದ್ದ ಕೂಡಲೇ ಕಿಟಕಿ ತೆಗೆಯಿರಿ. ಕಾರ್ಪೆಟ್ಟನ್ನು ವಾರಕ್ಕೆರಡು ಸಲ ವ್ಯಾಕ್ಯೂಮ್ ಮಾಡಿ. ಅಡುಗೆ ಮಾಡುವಾಗ ಚಿಮಣಿ ಆನ್ ಮಾಡಿ. ಸಾಕುನಾಯಿಯನ್ನು ಬೆಡ್‌ರೂಮಿಗೆ ಬಿಡಬೇಡಿ. ಏರ್ ಪ್ಯೂರಿಫೈಯರ್ ಕೊಳ್ಳಿ. ಮೂಲೆಯಲ್ಲೊಂದು ಸ್ನೇಕ್ ಪ್ಲಾಂಟ್ ಇಡಿ.

ಈಗ ನಮ್ಮ ಕಾಲೋನಿಯ ಒಂದು ಮನೆ ಕಣ್ಮುಂದೆ ತಂದುಕೊಳ್ಳಿ. ಹತ್ತಡಿಗೆ ಹತ್ತಡಿ ಕೋಣೆ. ಅದೇ ಅಡುಗೆಮನೆ, ಅದೇ ಮಲಗೋ ಜಾಗ, ಮಗು ಓದೋದೂ ಅಲ್ಲೇ. ಒಂದು ಕಿಟಕಿ, ಎರಡಡಿಗೆ ಎರಡಡಿ. ತೆಗೆದ್ರೆ ಪಕ್ಕದ ಮನೆ ಗೋಡೆ, ಕೆಳಗೆ ತೆರೆದ ಮೋರಿ. ಮೋರಿಯ ಸೊಳ್ಳೆ ಒಳಗೆ ಬರುತ್ತೆ ಅಂತ ಕಿಟಕಿ ಮುಚ್ಚಬೇಕು. ಕಿಟಕಿ ಮುಚ್ಚಿದ್ರೆ ಸೊಳ್ಳೆ ಬತ್ತಿ ಹಚ್ಚಬೇಕು. ಮಳೆಗಾಲದಲ್ಲಿ ಒಗೆದ ಬಟ್ಟೆ ಒಳಗೇ ಹಗ್ಗ ಕಟ್ಟಿ ಒಣಗಿಸಬೇಕು. ಗೋಡೆಯ ಬುಡದಿಂದ ಮೊಣಕಾಲೆತ್ತರ ಶೀತ ಏರಿ, ಅಲ್ಲಿ ಕಪ್ಪಗೆ ಬೂಷ್ಟು ಹಿಡಿದಿರುತ್ತೆ. ಆ ಗೋಡೆಗೆ ಒರಗಿಯೇ ಮಕ್ಕಳು ಮಲಗೋದು, ಯಾಕಂದ್ರೆ ಬೇರೆ ಗೋಡೆ ಇಲ್ಲ.

ಹತ್ತು ಸೂತ್ರಗಳಲ್ಲಿ ಎಷ್ಟು ಈ ಮನೆಗೆ ಅನ್ವಯಿಸ್ತವೆ? ಲೆಕ್ಕ ಹಾಕಿ.

ನಾನು ಇವತ್ತು ಹೇಳಬೇಕಾಗಿರೋದು ಒಂದೇ ಮಾತು. ಮನೆಯೊಳಗಿನ ಗಾಳಿ ಹೇಗಿರಬೇಕು ಅನ್ನೋದನ್ನು ಆ ಮನೆಯ ಹೆಂಗಸಿನ ಪೊರಕೆ ತೀರ್ಮಾನ ಮಾಡಲ್ಲ. ನಿವೇಶನ ಎಲ್ಲಿ ಕೊಟ್ಟರು, ಎಷ್ಟಡಿ ಕೊಟ್ಟರು, ಎಷ್ಟು ಕಿಟಕಿ ಇಟ್ಟರು, ಯಾವ ಶೀಟು ಹೊದಿಸಿದರು, ಸಿಲಿಂಡರಿಗೆ ಎಷ್ಟು ಬೆಲೆ ಇಟ್ಟರು, ಇವು ತೀರ್ಮಾನ ಮಾಡ್ತವೆ. ಅಂದರೆ ಇದು ವಸತಿಯ ಪ್ರಶ್ನೆ, ಜಾತಿಯ ಪ್ರಶ್ನೆ. ಇದನ್ನು "ಸ್ವಚ್ಛತೆಯ ಅರಿವು" ಅಂತ ಕರೆದ ಕೂಡಲೇ ತಪ್ಪು ಮಾಡಿದವನು ಜಾರಿಕೊಳ್ತಾನೆ, ಕೆಮ್ಮುವವಳು ಅಪರಾಧಿ ಆಗ್ತಾಳೆ.

ಇದು ಉತ್ಪ್ರೇಕ್ಷೆ ಅನ್ನೋರಿಗೆ ಇಂಗ್ಲೆಂಡಿನ ಒಂದು ಕತೆ. ಅವಾಬ್ ಇಶಾಕ್ ಅನ್ನೋ ಮಗು. ಸುಡಾನಿನಿಂದ ಬಂದ ಅಪ್ಪ ಅಮ್ಮ. ರಾಚ್‌ಡೇಲ್ ಅನ್ನೋ ಊರಿನಲ್ಲಿ ಒಂದು ಹೌಸಿಂಗ್ ಸಂಸ್ಥೆಯ ಒಂದೇ ಬೆಡ್‌ರೂಮಿನ ಮನೆ. ಗೋಡೆ ತುಂಬಾ ಬೂಷ್ಟು. ಅಪ್ಪ 2017ರಲ್ಲೇ ದೂರು ಕೊಟ್ಟ. ಮೇಲೆ ಪೇಂಟ್ ಬಳಕೊಳ್ಳಿ ಅಂದ್ರು. 2020ರ ಡಿಸೆಂಬರಿನಲ್ಲಿ, ಎರಡು ವರ್ಷ ತುಂಬಿದ ಒಂದು ವಾರಕ್ಕೆ ಮಗು ಉಸಿರಾಟದ ತೊಂದರೆಯಿಂದ ಸತ್ತಿತು. ಬೂಷ್ಟಿನ ನಡುವೆ ಬೆಳೆದದ್ದೇ ಸಾವಿಗೆ ಕಾರಣ ಅಂತ 2022ರ ನವೆಂಬರಿನಲ್ಲಿ ಅಲ್ಲಿನ ವಿಚಾರಣಾಧಿಕಾರಿ ಬರೆದರು. ವಿಚಾರಣೆಯಲ್ಲಿ ಹೊರಬಿದ್ದ ಇನ್ನೊಂದು ಸಂಗತಿ ಇದೆ, ಅದನ್ನು ನಾವು ನೆನಪಿಟ್ಟುಕೊಳ್ಳಬೇಕು. ಬೂಷ್ಟಿಗೆ ಆ ಕುಟುಂಬದ ಜೀವನಶೈಲಿಯೇ ಕಾರಣ, ಅವರು ಸ್ನಾನ ಮಾಡೋ ರೀತಿ, ಅಡುಗೆ ಮಾಡೋ ರೀತಿಯೇ ಕಾರಣ ಅಂತ ಸಂಸ್ಥೆಯವರು ಅಂದುಕೊಂಡು ಕೂತಿದ್ದರು.

ಜೀವನಶೈಲಿ! ಈ ಪದದ ಕನ್ನಡ ಅನುವಾದ ನಮಗೆ ಚೆನ್ನಾಗಿ ಗೊತ್ತು. "ನಿಮ್ ಜನ ಸ್ವಲ್ಪ ಕ್ಲೀನಾಗಿರೋದು ಕಲೀಬೇಕು." ನಮ್ಮ ಎಷ್ಟು ತಾಯಂದಿರು ಈ ಮಾತನ್ನು ಡಾಕ್ಟರ ಟೇಬಲ್ಲಿನ ಮುಂದೆ ನಿಂತು ಕೇಳಿಲ್ಲ? ಮಗು ಎದೆ ಗೊರಗೊರ ಅಂತಿರುತ್ತೆ, ಇವಳು ತಲೆ ತಗ್ಗಿಸಿ ನಿಂತಿರ್ತಾಳೆ.

1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡಿನ ಚವದಾರ್ ಕೆರೆ ನೀರು ಮುಟ್ಟಿದರು. ಆಮೇಲೆ ಸವರ್ಣೀಯರು ಏನು ಮಾಡಿದರು? ಸಗಣಿ, ಗಂಜಲ, ಹಾಲು, ಮೊಸರು ಸುರಿದು ಕೆರೆ "ಶುದ್ಧ" ಮಾಡಿದರು. ಆವತ್ತು ನೀರು ಕೆಟ್ಟಿದ್ದು ನಮ್ಮಿಂದ ಅಂದ್ರು. ಇವತ್ತು ನಮ್ಮ ಮನೆಯೊಳಗಿನ ಗಾಳಿ ಕೆಟ್ಟಿರೋದೂ ನಮ್ಮಿಂದಲೇ ಅಂತಾರೆ. ತರ್ಕ ಬದಲಾಗಿಲ್ಲ, ಭಾಷೆ ಮಾತ್ರ ಆರೋಗ್ಯದ್ದಾಗಿದೆ.

ನಮ್ಮ ಮನೆಗಳು ಹೀಗ್ಯಾಕಿವೆ ಅನ್ನೋದಕ್ಕೂ ಬಾಬಾಸಾಹೇಬರೇ ಉತ್ತರ ಬರೆದಿಟ್ಟಿದ್ದಾರೆ. ಊರು ಅಸ್ಪೃಶ್ಯರಿಗೆ ಹಾಕಿದ್ದ ಕಟ್ಟಳೆಗಳನ್ನು ಅವರು ಪಟ್ಟಿ ಮಾಡಿದ್ದಾರೆ. ಕೇರಿ ಊರಿನ ಹೊರಗಿರಬೇಕು. ದಕ್ಷಿಣ ದಿಕ್ಕಿಗೇ ಇರಬೇಕು, ಯಾಕಂದ್ರೆ ಅದು ಅಶುಭ. ಹೆಂಚಿನ ಮನೆ ಕಟ್ಟಿಕೊಂಡರೆ ಅದೂ ಅಪರಾಧ. ನೋಡಿ, ನಮ್ಮ ಚಾವಣಿ ಯಾವುದಾಗಿರಬೇಕು ಅನ್ನೋದನ್ನೂ ಊರೇ ನಿರ್ಧರಿಸಿತ್ತು. ಹೆಂಚಿನ ಸಂದಿಯಲ್ಲಿ ಹೊಗೆ ಹೊರಗೆ ಹೋಗುತ್ತೆ, ಬಿಸಿಗಾಳಿ ಮೇಲೇರುತ್ತೆ. ಅಂಥ ಮನೆ ನಮಗೆ ನಿಷಿದ್ಧ. ಆಮೇಲೆ ಸರ್ಕಾರ ಬಂತು, ಜನತಾ ಮನೆ ಬಂತು, ಆಶ್ರಯ ಮನೆ ಬಂತು, ಅಂಬೇಡ್ಕರ್ ನಿವಾಸ್ ಬಂತು. ಮನೆ ಬಂದಿದ್ದು ದೊಡ್ಡದೇ, ಅದಕ್ಕೂ ಹೋರಾಟ ಮಾಡಿದ್ದೀವಿ, ಅದನ್ನು ಹಗುರ ಮಾಡಿ ಮಾತಾಡಲ್ಲ. ಆದರೆ ಜಾಗ ಎಲ್ಲಿ ಕೊಟ್ಟರು? ಕೆರೆ ಅಂಗಳದಲ್ಲಿ, ಹಳ್ಳದ ಪಕ್ಕದಲ್ಲಿ, ಸ್ಮಶಾನದ ಹಿಂದೆ, ಊರಿನ ಕಸ ಸುರಿಯೋ ಗುಂಡಿಯ ಮಗ್ಗುಲಲ್ಲಿ. ತಗ್ಗಿನ ಜಾಗ ಅಂದ್ಮೇಲೆ ಗೋಡೆಗೆ ಶೀತ ಏರದೆ ಇನ್ನೇನು?

ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯಲ್ಲಿ ಮನೆಯ ಕನಿಷ್ಠ ಅಳತೆ 25 ಚದರ ಮೀಟರ್. ಬಯಲು ಸೀಮೆಗೆ ಕೇಂದ್ರದ ಲೆಕ್ಕದ ಸಹಾಯಧನ 1.20 ಲಕ್ಷ. ಈ ದುಡ್ಡಿಗೆ ತಳಪಾಯ ಎತ್ತರಿಸೋಕಾಗುತ್ತಾ? ಶೀತ ಏರದಂತೆ ತಡೆಪದರ ಹಾಕೋಕಾಗುತ್ತಾ? ಎದುರುಬದುರು ಕಿಟಕಿ ಇಡೋಕಾಗುತ್ತಾ? ದುಡ್ಡು ಸಾಲದೆ ಬಂದಾಗ ಮೊದಲು ಕತ್ತರಿ ಬೀಳೋದು ಕಿಟಕಿಗೆ. ಯಾಕಂದ್ರೆ ಕಿಟಕಿ ಇಲ್ಲದಿದ್ರೂ ಮನೆ ಮನೆ ಥರಾನೇ ಕಾಣುತ್ತೆ, ಫೋಟೋಕ್ಕೆ ಸಾಕು, ಬಿಲ್ ಪಾಸಾಗುತ್ತೆ. ಕಿಟಕಿ ಯಾಕೆ ಚಿಕ್ಕದು ಅಂತ ಒಮ್ಮೆ ಒಬ್ಬ ಕಂಟ್ರ್ಯಾಕ್ಟರನ್ನು ಕೇಳಿದೆ. "ಜಾಸ್ತಿ ಕಿಟಕಿ ಇಟ್ರೆ ಕಳ್ಳರ ಭಯ ಅಲ್ವಾ ಸಾರ್" ಅಂದ. ಆ ಮನೆಯಲ್ಲಿ ಕದಿಯೋಕೆ ಏನಿತ್ತು ಅನ್ನೋದನ್ನು ಅವನೇ ಹೇಳಬೇಕು.

ಇದಕ್ಕೆ ನಿಯಮ ಇಲ್ಲ ಅಂದುಕೋಬೇಡಿ. ರಾಷ್ಟ್ರೀಯ ಕಟ್ಟಡ ಸಂಹಿತೆ ಅಂತ ಒಂದಿದೆ. ಬಾಗಿಲು ಬಿಟ್ಟು, ಕಿಟಕಿ ಮತ್ತು ಗಾಳಿಗಂಡಿಗಳೇ ಕೋಣೆಯ ನೆಲದ ಹತ್ತರಲ್ಲೊಂದು ಪಾಲಿರಬೇಕು ಅಂತ ಅದು ಹೇಳುತ್ತೆ. ಅದು ಒಣ ಸೆಕೆಯ ಸೀಮೆಗೆ. ಕರಾವಳಿಯಂಥ ಒದ್ದೆ ಸೆಕೆಗೆ ಆರರಲ್ಲೊಂದು ಪಾಲು. ನೂರು ಚದರಡಿ ಕೋಣೆಗೆ ಕಡಿಮೆ ಅಂದ್ರೂ 10 ಚದರಡಿ ಕಿಟಕಿ. ನಮ್ಮ ಎರಡಡಿ ಎರಡಡಿ ಕಿಟಕಿ ಎಷ್ಟಾಯ್ತು? 4 ಚದರಡಿ. ಅರ್ಧಕ್ಕೂ ಕಮ್ಮಿ. ಅದರಲ್ಲೂ ಅರ್ಧ ಭಾಗ ಪಕ್ಕದ ಗೋಡೆ ನುಂಗಿರುತ್ತೆ. ಇನ್ನು "ಕಿಟಕಿ ತೆಗೀರಿ" ಅನ್ನೋ ಉಪದೇಶ ಯಾರಿಗೆ?

ಒಳಗಿನ ಗಾಳಿಯ ವಿಜ್ಞಾನ ಶುದ್ಧ ಶ್ರೀಮಂತರ ವಿಜ್ಞಾನ, ಅಲರ್ಜಿ ಅನ್ನೋದೇ ದೊಡ್ಡವರ ಕಾಯಿಲೆ ಅಂತ ನಮ್ಮಲ್ಲೇ ಕೆಲವು ಗೆಳೆಯರು ನಗ್ತಾರೆ. ಇವರ ಜೊತೆಗೂ ನನಗೆ ಜಗಳ ಇದೆ.

ಬೆಂಗಳೂರಿನ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ 20,000 ಮಕ್ಕಳ ಲೆಕ್ಕ ಇಟ್ಟು ಪ್ರಕಟಿಸಿದ್ದಾರೆ. ಆಸ್ಪತ್ರೆಗೆ ಬಂದ ಮಕ್ಕಳಲ್ಲಿ ಅಸ್ತಮಾ 1979ರಲ್ಲಿ ನೂರಕ್ಕೆ 9 ಇದ್ದದ್ದು 1999ಕ್ಕೆ 29.5 ಆಗಿತ್ತು. ಅವರು ಶಾಲೆಗಳಲ್ಲೂ ಎಣಿಸಿದರು. ವಾಹನ ಕಡಿಮೆ ಇರೋ ಪ್ರದೇಶದ ಶಾಲೆಯಲ್ಲಿ ಶೇ. 11.15. ವಾಹನದಟ್ಟಣೆ ಇರೋ ಕಡೆ ಶೇ. 19.34. ದಟ್ಟಣೆಯೂ ಇದ್ದು ಬಡವರ ಮಕ್ಕಳೂ ಇರೋ ಶಾಲೆಯಲ್ಲಿ ಶೇ. 31.14. ರಸ್ತೆಯ ಹೊಗೆ ಎಲ್ಲರಿಗೂ ಒಂದೇ ಅಂತೀರಲ್ಲ, ಹಾಗಿದ್ರೆ 19ಕ್ಕೂ 31ಕ್ಕೂ ಮಧ್ಯದ ಅಂತರ ಎಲ್ಲಿಂದ ಬಂತು? ಬಡವರ ಮಗು ಶಾಲೆ ಬಿಟ್ಟು ಎಲ್ಲಿಗೆ ಹೋಗುತ್ತೋ ಅಲ್ಲಿಂದ ಬಂತು ಅನ್ನೋದು ನನ್ನ ಉತ್ತರ.

ಅಮೆರಿಕದಲ್ಲಿ ಎಂಟು ನಗರಗಳ ಬಡ ಬಡಾವಣೆಗಳಲ್ಲಿ, ಬಹುಪಾಲು ಕಪ್ಪು ಮತ್ತು ಲ್ಯಾಟಿನೋ ಮಕ್ಕಳ ಮೇಲೆ ಒಂದು ಅಧ್ಯಯನ ನಡೀತು, 1997ರಲ್ಲಿ ಪ್ರಕಟವಾಯ್ತು. ಅಲ್ಲಿ ಮಕ್ಕಳನ್ನು ಆಸ್ಪತ್ರೆಗೆ ಹಾಕ್ತಿದ್ದದ್ದು ಯಾವುದು ಗೊತ್ತಾ? ಜಿರಳೆ. ಜಿರಳೆಯ ಹಿಕ್ಕೆ, ಪೊರೆ, ಎಂಜಲು ಒಣಗಿ ಪುಡಿಯಾಗಿ ಗಾಳಿಗೆ ಸೇರ್ತವೆ. ಆ ಪುಡಿಗೆ ಅಲರ್ಜಿ ಇದ್ದು, ಮಲಗೋ ಕೋಣೆಯಲ್ಲೂ ಅದು ಜಾಸ್ತಿ ಇದ್ದ ಮಕ್ಕಳು ಆಸ್ಪತ್ರೆ ಸೇರಿದ್ದು ಮಿಕ್ಕ ಮಕ್ಕಳಿಗಿಂತ ಮೂರು ಪಟ್ಟಿಗೂ ಹೆಚ್ಚು. ಪ್ಯಾಂಥರ್ಸ್ ಹೆಸರನ್ನು ಆ ಕಪ್ಪು ಸೋದರರಿಂದಲೇ ಪಡೆದವರು ನಾವು. ಅವರ ಮಕ್ಕಳ ಉಬ್ಬಸದಿಂದಲೂ ಕಲಿಯೋದಿದೆ. ಒಡೆದ ಪೈಪು, ಸೋರೋ ಗೋಡೆ, ಅಕ್ಕಪಕ್ಕದ ಮನೆಗೆ ಅಂಟಿದ ಮೋರಿ ಇರೋ ಕಡೆ ಒಬ್ಬಳು ತಾಯಿ ಎಷ್ಟು ತಿಕ್ಕಿ ತೊಳೆದರೂ ಜಿರಳೆ ನಿಲ್ಲಲ್ಲ. ಸಾಲು ಮನೆಯಲ್ಲಿ ಒಂದು ಮನೆ ಮಾತ್ರ ಜಿರಳೆ ಓಡಿಸೋಕಾಗಲ್ಲ, ಇಡೀ ಸಾಲಿನ ಮೋರಿಯೇ ಸರಿಯಾಗಬೇಕು.

"ಹಳ್ಳಿ ಮಕ್ಕಳಿಗೆ ಮಣ್ಣಿನ ಸಹವಾಸ, ಅಲರ್ಜಿ ಬರಲ್ಲ" ಅನ್ನೋರಿದ್ದಾರೆ. ದನಕರುಗಳ ಜೊತೆ ಬೆಳೆದ ಮಕ್ಕಳಲ್ಲಿ ಅಸ್ತಮಾ ಕಮ್ಮಿ ಅಂತ ಅಧ್ಯಯನಗಳು ಇರೋದು ನಿಜ. ಆದರೆ ಕೊಟ್ಟಿಗೆಯ ಸೂಕ್ಷ್ಮಜೀವಿ ಬೇರೆ, ಸೌದೆ ಹೊಗೆ ಬೇರೆ. ಗೌಡರ ಕೊಟ್ಟಿಗೆಯ ಸಗಣಿ ಬಾಚಿ ಬಂದ ಹೆಂಗಸಿನ ಮಗು ರಾತ್ರಿ ಮಲಗೋದು ಹೊಗೆ ತುಂಬಿದ ಒಂದೇ ಕೋಣೆಯಲ್ಲಿ. ಅದನ್ನು ಯಾಕೆ ಮರೆಸ್ತೀರಿ?

ಹೊಗೆ ವಿಷಯಕ್ಕೇ ಬರೋಣ. ಮನೆಯೊಳಗಿನ ಹೊಗೆಯಿಂದ 2020ರ ಒಂದೇ ವರ್ಷ ಪ್ರಪಂಚದಲ್ಲಿ 32 ಲಕ್ಷ ಜನ ಸತ್ತರು, ಅದರಲ್ಲಿ 2.37 ಲಕ್ಷಕ್ಕೂ ಹೆಚ್ಚು ಐದು ವರ್ಷದೊಳಗಿನ ಮಕ್ಕಳು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಗಾಳಿ ಆಡದ ಮನೆಗಳಲ್ಲಿ ಸೌದೆ ಒಲೆಯ ಸೂಕ್ಷ್ಮ ಕಣಗಳು ಸುರಕ್ಷಿತ ಮಟ್ಟದ ನೂರು ಪಟ್ಟು ದಾಟಬಹುದು ಅಂತಲೂ ಅದೇ ಸಂಸ್ಥೆ ಹೇಳುತ್ತೆ. ನಮ್ಮ ದೇಶದ ಪಿಎಂ 2.5 ಮಾನದಂಡ ವರ್ಷದ ಸರಾಸರಿ 40 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 5. ಅದಿರಲಿ, ನಮ್ಮ 40ರ ಲೆಕ್ಕವೂ ಹೊರಗಿನ ಗಾಳಿಗೆ. ಅಳೆಯೋ ಯಂತ್ರಗಳು ಸರ್ಕಲ್‌ನಲ್ಲಿ, ಸರ್ಕಾರಿ ಕಟ್ಟಡದ ಮೇಲೆ ಇರ್ತವೆ. ಕೇರಿಯ ಒಲೆ ಮುಂದೆ ಯಾವ ಯಂತ್ರವೂ ಕೂತಿಲ್ಲ.

ಸರ್ಕಾರಕ್ಕೆ ಗೊತ್ತಿರಲಿಲ್ಲ ಅನ್ನೋಕಾಗಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗಾಗಿ ವಿಜ್ಞಾನ ಅಂತ 'ಅಸ್ತ್ರ' ವಿಭಾಗ ಶುರುವಾಗಿದ್ದು 1974ರಲ್ಲಿ. ಅಲ್ಲಿಂದ ಬಂದದ್ದೇ ಹೊಗೆಕೊಳವೆ ಇರೋ ಅಸ್ತ್ರ ಒಲೆ. ಒಳ್ಳೇ ಒಲೆ. ಹಾಕಿ ಕೊಟ್ಟರು, ಫೋಟೋ ತೆಗೆಸಿಕೊಂಡರು. ಕೊಳವೆ ಮಸಿ ಕಟ್ಟಿದಾಗ, ಒಲೆ ಬಿರಿದಾಗ ರಿಪೇರಿಗೆ ಬರೋರು ಯಾರು ಅನ್ನೋದೇ ಪ್ರಶ್ನೆ. 2016ರ ಮೇ 1ಕ್ಕೆ ಉಜ್ವಲ ಬಂತು. ಮೊದಲ ಸಿಲಿಂಡರ್ ಬಂತು, ಎರಡನೇದು ತುಂಬಿಸೋಕೆ ಎರಡು ಮೂರು ದಿನದ ಕೂಲಿ ಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಶೇ. 58.6 ಮನೆಗಳಲ್ಲಿ ಮಾತ್ರ ಅಡುಗೆಗೆ ಶುದ್ಧ ಇಂಧನ ಅಂತಿದೆ. ನಮ್ಮ ರಾಜ್ಯ ಇದಕ್ಕಿಂತ ಮುಂದಿದೆ, ಸರಿ. ಆದರೆ ಗ್ಯಾಸ್ "ಇದೆ" ಅನ್ನೋದಕ್ಕೂ ದಿನಾ ಉರಿಯುತ್ತೆ ಅನ್ನೋದಕ್ಕೂ ವ್ಯತ್ಯಾಸ ಇದೆ. ನಮ್ಮ ಮನೆಗಳಲ್ಲಿ ಗ್ಯಾಸ್ ಟೀಗೆ, ನೆಂಟರಿಗೆ. ಮುದ್ದೆ, ಸ್ನಾನದ ನೀರು ಸೌದೆಗೆ.

ಗೃಹಜ್ಯೋತಿ ಬಂದಾಗ ಇಂಡಕ್ಷನ್ ಸ್ಟೌ ಇಟ್ಕೊಳ್ಳಿ ಅಂದ್ರು ಕೆಲವರು. ಅದರಲ್ಲೂ ಒಂದು ಕೊಕ್ಕೆ ಇದೆ. ಉಚಿತ ಯೂನಿಟ್ ನಿಗದಿ ಮಾಡಿದ್ದು ಹಿಂದಿನ ವರ್ಷದ ಬಳಕೆಯ ಸರಾಸರಿ ಮೇಲೆ. ಎರಡು ಬಲ್ಬು ಉರಿಸಿದ ಮನೆಗೆ ಎರಡು ಬಲ್ಬಿನ ಲೆಕ್ಕದ ಮೇಲೆ ಸ್ವಲ್ಪ ಸೇರಿಸಿ ಉಚಿತ. ಫ್ರಿಜ್, ಗೀಸರ್ ಇದ್ದ ಮನೆಗೆ ಅದರ ಲೆಕ್ಕಕ್ಕೆ ಉಚಿತ. ಕಡಿಮೆ ಬಳಸಿದವರಿಗೆ ಕಡಿಮೆ ಹಕ್ಕು!

ಮನೆ ಅಂದ್ರೆ ವಿಶ್ರಾಂತಿಯ ಜಾಗ ಅಂತ ನಂಬಿದವರಿಗೆ ಇನ್ನೊಂದು ಮಾತು. ನಮ್ಮ ಅರ್ಧ ಜನಕ್ಕೆ ಮನೆಯೇ ಕಾರ್ಖಾನೆ. ಬೆಂಗಳೂರು, ಮೈಸೂರಿನ ಅಗರಬತ್ತಿ ಪ್ರಪಂಚಕ್ಕೆಲ್ಲ ಹೋಗುತ್ತೆ. ಇದ್ದಿಲು ಪುಡಿ, ಜಿಗಟು ಪುಡಿ ಕಲಸಿ ಕಡ್ಡಿಗೆ ಹೊಸೆಯೋ ಕೆಲಸ ದಲಿತ, ಮುಸ್ಲಿಂ, ಹಿಂದುಳಿದ ಹೆಂಗಸರದ್ದು, ಅದೂ ಮನೆಯೊಳಗೆ. ಮೆಷಿನ್ ಬಂದ ಮೇಲೆ ಕಮ್ಮಿಯಾಗಿದೆ, ನಿಂತಿಲ್ಲ. ಸುಗಂಧ ಸೇರಿಸೋದು ಆಮೇಲೆ, ಬೇರೆ ಕಡೆ. ದೇವರ ಕೋಣೆಗೆ ಪರಿಮಳ ಹೋಗುತ್ತೆ, ಮಗು ಅಂಬೆಗಾಲಿಡೋ ನೆಲದ ಮೇಲೆ ಮಸಿ ಉಳಿಯುತ್ತೆ. ಬೀಡಿ ಕಟ್ಟೋ ಮನೆಯಲ್ಲಿ ಹೊಗೆಸೊಪ್ಪಿನ ಧೂಳು. ರಾಮನಗರ, ಶಿಡ್ಲಘಟ್ಟದ ಕಡೆ ರೇಷ್ಮೆ ಬಿಚ್ಚೋ ಮನೆಗಳಲ್ಲಿ ಗೂಡಿನ ಆವಿ, ರೇಷ್ಮೆಯ ಪ್ರೋಟೀನು. ಅದರಿಂದ ಕಸುಬಿನ ಅಸ್ತಮಾ ಬರುತ್ತೆ ಅಂತ ವೈದ್ಯರಿಗೆ ದಶಕಗಳಿಂದ ಗೊತ್ತು. ಚಿಂದಿ ಆಯೋರ ಮನೆಯಲ್ಲಿ ಊರಿನ ಕಸ. ಇವರಿಗೆ "ಮನೆಯಲ್ಲಿ ಧೂಳು ಸೇರಿಸಬೇಡಿ" ಅಂದ್ರೆ ಅನ್ನ ಬಿಡಿ ಅಂದ ಹಾಗೆ.

ಹಾಗಾದ್ರೆ ಆ ಕಡೆಯ ಮನೆಗಳು ಹೇಗೆ ಶುದ್ಧ ಇರ್ತವೆ? ಅಪಾರ್ಟ್‌ಮೆಂಟಿನ ಸೋಫಾ ಧೂಳು ಹೊಡೆಯೋಳು ಯಾರು? ಎಸಿ ಫಿಲ್ಟರ್ ಬಿಚ್ಚಿ ಬಚ್ಚಲಲ್ಲಿ ತೊಳೆಯೋಳು ಯಾರು? ಕಿಟಕಿ ಮುಚ್ಚಿದ ಬಾತ್‌ರೂಮಿನಲ್ಲಿ ಆಸಿಡ್ ಹಾಕಿ ತಿಕ್ಕೋಳು ಯಾರು? ಅವರ ಪ್ಯೂರಿಫೈಯರಿನ ಕಪ್ಪಾದ ಜಾಲರಿ ಕಸಕ್ಕೆ ಹಾಕೋಳೂ ನಮ್ಮಕ್ಕ, ಮಾರನೇ ದಿನ ಆ ಕಸ ಬಾಚೋನೂ ನಮ್ಮಣ್ಣ. ಅವರ ಒಳಾಂಗಣದ ಗಾಳಿ ನಮ್ಮವರ ಶ್ವಾಸಕೋಶದಲ್ಲಿ ಸೋಸಿ ಹೋಗ್ತಿದೆ. ಕೆಲಸ ಮುಗಿಸಿ ಇಳಿಯುವಾಗ ಲಿಫ್ಟ್ ಮಾತ್ರ ಬೇರೆ.

ಬೈದಿದ್ದು ಸಾಕು, ಈಗ ಏನು ಮಾಡೋಣ. ಸರ್ಕಾರ ಬದಲಾಗೋ ತನಕ ಮಗು ಉಸಿರು ಹಿಡ್ಕೊಂಡಿರೋಕೆ ಆಗಲ್ಲ. ನಮ್ಮ ಕೈಲಿ ಆಗೋದು ಇವು. ಇವನ್ನು ತಪ್ಪಿತಸ್ಥರ ಪ್ರಾಯಶ್ಚಿತ್ತ ಅಂತ ಮಾಡಬೇಡಿ, ಮಗುವಿನ ರಕ್ಷಣೆ ಅಂತ ಮಾಡಿ.

1. ಸೊಳ್ಳೆ ಬತ್ತಿ ಬಿಡಿ. ಒಂದು ಸುರುಳಿ ಉರಿದು ಮುಗಿಯೋದರಲ್ಲಿ 75ರಿಂದ 137 ಸಿಗರೇಟಿನಷ್ಟು ಸೂಕ್ಷ್ಮ ಕಣ ಬಿಡುತ್ತೆ ಅಂತ 2003ರಲ್ಲೇ ಅಳೆದಿದ್ದಾರೆ. ಬಾಗಿಲು ಹಾಕಿಕೊಂಡು ಮಗುವಿನ ತಲೆ ಹತ್ತಿರ ಅದನ್ನೇ ಇಡ್ತೀವಿ. ಸೊಳ್ಳೆಪರದೆ ಒಂದು ಸಲದ ಖರ್ಚು, ಜೊತೆಗೆ ಕಿಟಕಿಗೆ ಜಾಲರಿ. ಅಗರಬತ್ತಿ, ಲೋಬಾನ, ಧೂಪಕ್ಕೂ ಇದೇ ಮಾತು. ನಮ್ಮ ಕೆಲವರ ಮನೆಯಲ್ಲಿ ಬುದ್ಧ, ಬಾಬಾಸಾಹೇಬರ ಫೋಟೋ ಮುಂದೆ ಹಚ್ಚೋದಕ್ಕೂ ಇದೇ ಮಾತು. ಉಬ್ಬಸದ ಮಗು ಇದ್ದರೆ ಒಂದು ಹೂವು ಇಡಿ, ಸಾಕು.

2. ಹಾಸಿಗೆ, ದಿಂಬು, ಕೌದಿಯಲ್ಲಿ ಕಣ್ಣಿಗೆ ಕಾಣದ ಧೂಳುನುಸಿ ಇರುತ್ತೆ. ನಮ್ಮ ಮೈಯಿಂದ ಉದುರೋ ಚರ್ಮದ ಹೊಟ್ಟು ಅದರ ಊಟ, ಅದರ ಹಿಕ್ಕೆಯೇ ಅಲರ್ಜಿ. ತೇವ ಇದ್ರೆ ಬೆಳೆಯುತ್ತೆ, ಒಣಗಿದ್ರೆ ಸಾಯುತ್ತೆ. ವಾರಕ್ಕೊಮ್ಮೆ ಉರಿಬಿಸಿಲಿಗೆ ಹಾಕಿ, ಮನೆಯಿಂದ ದೂರ ಕೊಡವಿ. ಹೊದಿಕೆ ಒಗೆಯೋ ನೀರು 60 ಡಿಗ್ರಿ ಮುಟ್ಟಬೇಕು, ಅಂದ್ರೆ ಕೈ ಇಡಲಾಗದಷ್ಟು ಬಿಸಿ. ಹಳೇ ಹತ್ತಿ ಹಾಸಿಗೆಗಿಂತ ಚಾಪೆ ಮೇಲೆ ಒಗೆದ ಬಟ್ಟೆ ಹಾಸಿ ಮಲಗಿಸೋದು ವಾಸಿ.

3. ಮಗು ಒಳಗಿದ್ದಾಗ ಒಣ ಪೊರಕೆ ಬೇಡ. ಕೆಳಗೆ ಕೂತಿದ್ದ ಧೂಳು ಮೂಗಿನ ಮಟ್ಟಕ್ಕೆ ಏಳುತ್ತೆ. ಒದ್ದೆ ಬಟ್ಟೆಯಲ್ಲಿ ಒರೆಸಿ. ಆಸಿಡ್ಡಿಗೆ ಬ್ಲೀಚಿಂಗ್ ಪೌಡರ್ ಯಾವತ್ತೂ ಬೆರೆಸಬೇಡಿ, ಕ್ಲೋರಿನ್ ವಿಷಾನಿಲ ಏಳುತ್ತೆ. ಸಫಾಯಿ ಕೆಲಸ ಮಾಡೋ ಅಕ್ಕಂದಿರಿಗೆ ಇದನ್ನು ಓದಿ ಹೇಳಿ.

4. ಬೂಷ್ಟಿನ ಮೇಲೆ ಸುಣ್ಣ ಬಳಿದ್ರೆ ಮುಚ್ಚುತ್ತೆ, ಹೋಗಲ್ಲ. ನೀರು ಎಲ್ಲಿಂದ ಬರ್ತಿದೆ ನೋಡಿ. ಚಾವಣಿ ಸೋರಿಕೆಯಾ, ಬಚ್ಚಲಿನ ನೀರಾ, ನೆಲದ ಶೀತವಾ? ಆ ಗೋಡೆಗೆ ಹಾಸಿಗೆ, ಬಟ್ಟೆ ಗಂಟು ಒತ್ತಿ ಇಡಬೇಡಿ.

5. ಒಲೆ ಉರಿಸೋವಾಗ ಬಾಗಿಲು, ಕಿಟಕಿ ಎರಡೂ ತೆಗೆದಿರಿ, ಮಗುವನ್ನು ಹೊರಗೆ ಕೂರಿಸಿ. ಚಾವಣಿಗೆ ಹತ್ತಿರ, ಒಲೆ ಮೇಲ್ಭಾಗದ ಗೋಡೆಯಲ್ಲಿ ಗಂಡಿ ಹೊಡೆಸಿ.

6. ಚಾವಣಿ ಹಳೇ ಸಿಮೆಂಟ್ ಶೀಟಾಗಿದ್ರೆ ಕಲ್ನಾರು ಇರಬಹುದು. ಒಣದಾಗಿದ್ದಾಗ ಕೊಯ್ಯಬೇಡಿ, ತೂತು ಕೊರೆಯಬೇಡಿ, ಒಡೆದ ಚೂರು ಮಕ್ಕಳ ಕೈಗೆ ಸಿಗದಿರಲಿ. ಎಷ್ಟೋ ದೇಶಗಳು ನಿಷೇಧಿಸಿರೋ ಇದು ನಮ್ಮ ಬಡವರ ತಲೆ ಮೇಲೆ ಇನ್ನೂ ಇದೆ.

7. ಕಾಲೋನಿ ಪಕ್ಕದ ಖಾಲಿ ಸೈಟಿನ ಕಾಂಗ್ರೆಸ್ ಗಿಡ ಹೂ ಬಿಡೋ ಮೊದಲೇ ಕೀಳಿಸಿ. ಬರಿಗೈಯಲ್ಲಿ ಬೇಡ, ಮೈ ತುರಿ ಹತ್ತುತ್ತೆ. ಹೂ ಬಿಟ್ಟರೆ ಪರಾಗ ಮನೆಯೊಳಗೇ ಬರುತ್ತೆ.

8. ಸ್ನೇಕ್ ಪ್ಲಾಂಟಿಗೆ ದುಡ್ಡು ಹಾಕಬೇಡಿ. ನಾಸಾ 1989ರಲ್ಲಿ ಮುಚ್ಚಿದ ಪೆಟ್ಟಿಗೆಯಲ್ಲಿಟ್ಟು ಮಾಡಿದ ಪ್ರಯೋಗ ಅದು. ಮನೆಯಲ್ಲಿ ಅಷ್ಟು ಫಲ ಸಿಗಬೇಕಾದ್ರೆ ಪ್ರತಿ ಚದರ ಮೀಟರಿಗೆ ಹತ್ತರಿಂದ ಸಾವಿರ ಗಿಡ ಬೇಕು ಅಂತ 2019ರಲ್ಲಿ ಲೆಕ್ಕ ಹಾಕಿದ್ದಾರೆ. ಆಮೇಲೆ ನಾವು ಮಲಗೋದೆಲ್ಲಿ?

9. ಇನ್ಹೇಲರ್ ಬಗ್ಗೆ ಹೆದರಿಕೆ ಬಿಡಿ. "ಪಂಪ್ ಹಾಕಿದ್ರೆ ಚಟ ಆಗುತ್ತೆ, ಹುಡುಗಿಗೆ ಮದುವೆ ಆಗಲ್ಲ" ಅನ್ನೋ ಮಾತಿನಿಂದ ಮಕ್ಕಳು ಸಾಯ್ತಿದ್ದಾರೆ. ಔಷಧಿ ನೇರ ಶ್ವಾಸನಾಳಕ್ಕೆ ಹೋಗೋದ್ರಿಂದ ಅದರ ಪ್ರಮಾಣ ಮಾತ್ರೆ, ಇಂಜೆಕ್ಷನ್ನಿಗಿಂತ ಎಷ್ಟೋ ಕಮ್ಮಿ. ಚಿಕ್ಕ ಮಕ್ಕಳಿಗೆ ಸ್ಪೇಸರ್ ಬೇಕು. ಅಂಗಡಿಯದು ಕೊಳ್ಳೋಕಾಗದಿದ್ರೆ ಅರ್ಧ ಲೀಟರಿನ ಪ್ಲಾಸ್ಟಿಕ್ ಬಾಟಲಿಯ ಸ್ಪೇಸರ್ ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತೆ ಅಂತ ದಕ್ಷಿಣ ಆಫ್ರಿಕಾದ ಕೇಪ್‌ಟೌನಿನ ವೈದ್ಯರು 1999ರಲ್ಲಿ ತೋರಿಸಿದ್ದಾರೆ. ಹೇಗೆ ಮಾಡೋದು, ಹೇಗೆ ಹಿಡಿಯೋದು ಅನ್ನೋದನ್ನು ನಿಮ್ಮ ಡಾಕ್ಟರ್ ಹತ್ತಿರ ಕೇಳಿ ಕಲಿಯಿರಿ. ಮೃಗಶಿರಾ ದಿನ ಹೈದರಾಬಾದಿಗೆ ಮೀನು ನುಂಗೋಕೆ ಹೋಗೋ ರೈಲು ಚಾರ್ಜಲ್ಲಿ ಇನ್ಹೇಲರೇ ಬರುತ್ತೆ.

ಇಷ್ಟು ಮನೆಯೊಳಗೆ. ಮಿಕ್ಕಿದ್ದು ಬೀದಿಯಲ್ಲಿ, ಕಚೇರಿಯಲ್ಲಿ.

1991ರಲ್ಲಿ ಸುಭಾಷ್ ಕುಮಾರ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಶುದ್ಧ ಗಾಳಿ, ಶುದ್ಧ ನೀರು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಅಂತ ಹೇಳಿದೆ. ಆ ಹಕ್ಕು ಮನೆಯ ಹೊಸ್ತಿಲಲ್ಲೇ ನಿಲ್ಲಬೇಕು ಅಂತ ಎಲ್ಲೂ ಬರೆದಿಲ್ಲ. ಇಂಗ್ಲೆಂಡಿನಲ್ಲಿ ಆ ಮಗುವಿನ ಹೆಸರಲ್ಲೇ ಅವಾಬ್ ಕಾನೂನು ಬಂತು. 2023ರ ಕಾಯ್ದೆಯಲ್ಲಿ ಸೇರಿತು, 2025ರ ಅಕ್ಟೋಬರಿನಿಂದ ಜಾರಿ ಶುರುವಾಯ್ತು. ಅಪಾಯಕಾರಿ ಬೂಷ್ಟು, ಶೀತದ ದೂರು ಬಂದರೆ ಸಾಮಾಜಿಕ ವಸತಿಯ ಮಾಲೀಕ ಗಡುವಿನೊಳಗೆ ಪರೀಕ್ಷಿಸಿ ಸರಿಪಡಿಸಲೇಬೇಕು, ತುರ್ತಿದ್ದರೆ 24 ಗಂಟೆಯೊಳಗೆ. ಆ ಕಾನೂನು ಮೇಲಿನಿಂದ ಇಳಿದು ಬರಲಿಲ್ಲ, ಮಗು ಕಳಕೊಂಡ ಅಪ್ಪ ಅಮ್ಮ ಪಟ್ಟು ಹಿಡಿದು ತಂದದ್ದು. ನಮ್ಮ ಸರ್ಕಾರಿ ಮನೆಗಳಿಗೆ ಅಂಥದ್ದೊಂದು ಯಾಕಿಲ್ಲ? ಕೇಳಬೇಕಾದೋರು ನಾವೇ.

ನಮ್ಮ ಬೇಡಿಕೆಗಳು ಇಷ್ಟಿರಲಿ. ಪರಿಶಿಷ್ಟರ ಯಾವ ವಸತಿ ಯೋಜನೆಯಲ್ಲೂ ಕಟ್ಟಡ ಸಂಹಿತೆಯ ಅಳತೆಯ ಕಿಟಕಿ, ಎತ್ತರದ ತಳಪಾಯ, ಒಲೆ ಮೇಲೆ ಹೊಗೆಗಂಡಿ ಇಲ್ಲದೆ ಕೊನೇ ಬಿಲ್ ಪಾಸಾಗಬಾರದು. ಕಟ್ಟಿ ಆಗಿರೋ ಮನೆಗಳ ಶೀತ, ಕಲ್ನಾರು ಶೀಟು, ಮೋರಿ ಸರಿಪಡಿಸೋಕೆ ದುಡ್ಡು ಬೇಕು. ದುಡ್ಡು ಎಲ್ಲಿಂದ ಅಂತಾರೆ. 2013ರ ಎಸ್‌ಸಿಎಸ್‌ಪಿ–ಟಿಎಸ್‌ಪಿ ಕಾಯ್ದೆ ಇರೋದು ಯಾತಕ್ಕೆ? ಆ ಹಣ ಗ್ಯಾರಂಟಿಗಳ ಕಡೆ ತಿರುಗಿದ್ದನ್ನು ನೋಡಿದ್ದೀವಲ್ಲ, ಕೇರಿಯ ಗೋಡೆ ಕಡೆಗೂ ತಿರುಗಲಿ. ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ವರ್ಷವಿಡೀ ಇನ್ಹೇಲರ್, ಸ್ಪೇಸರ್ ಇರಬೇಕು. ಅದು ಅತ್ಯಗತ್ಯ ಔಷಧಿಗಳ ರಾಷ್ಟ್ರೀಯ ಪಟ್ಟಿಯಲ್ಲೇ ಇದೆ, ಯಾರ ಭಿಕ್ಷೆಯೂ ಬೇಕಿಲ್ಲ. ಸಿಲಿಂಡರ್ ಬೆಲೆ ಕೂಲಿಗೆ ಎಟುಕಬೇಕು. ಅಗರಬತ್ತಿ, ಬೀಡಿ ಕಟ್ಟೋರಿಗೆ ಕಾಲೋನಿಯಲ್ಲೇ ಗಾಳಿ ಆಡೋ ಕೆಲಸದ ಶೆಡ್ ಬೇಕು.

ಭೂಮಿ, ಮೀಸಲಾತಿ, ದೌರ್ಜನ್ಯದ ಹೋರಾಟದ ಮಧ್ಯೆ ಇದೇನು ಬೂಷ್ಟಿನ ವಿಷಯ ಅಂತ ಕೇಳೋ ಅಣ್ಣಂದಿರಿಗೆ ಒಂದು ಮಾತು. ರಾತ್ರಿಯಿಡೀ ಕೆಮ್ಮಿದ ಮಗು ಬೆಳಗ್ಗೆ ಶಾಲೆಗೆ ಹೋಗಲ್ಲ. ಅವಳ ತಾಯಿ ಕೂಲಿಗೆ ಹೋಗಲ್ಲ. ಮೂರು ಸಲ ಆಸ್ಪತ್ರೆ ಸೇರಿದ್ರೆ ಮನೆ ಸಾಲಕ್ಕೆ ಬೀಳುತ್ತೆ. ಹತ್ತನೇ ಕ್ಲಾಸಿಗೆ ಮುಂಚೆ ಶಾಲೆ ಬಿಟ್ಟ ಮಗುವಿಗೆ ನೀವು ಗೆದ್ದು ತಂದ ಮೀಸಲಾತಿ ಯಾತಕ್ಕೆ ಬರುತ್ತೆ? ಇದು ಹೆಂಗಸರ ವಿಷಯ ಅಂತ ಪಕ್ಕಕ್ಕಿಟ್ಟದ್ದಕ್ಕೇ ಇಷ್ಟು ವರ್ಷ ಅಜೆಂಡಾಕ್ಕೆ ಬಂದಿಲ್ಲ.

ಕೊನೆಯದಾಗಿ ಒಂದು ಕೆಲಸ. ಏಪ್ರಿಲ್ 14ಕ್ಕೆ ಫ್ಲೆಕ್ಸು, ಮೆರವಣಿಗೆ ಇದ್ದೇ ಇರುತ್ತೆ. ಆ ದಿನ ಬೆಳಗ್ಗೆ ಎರಡು ಗಂಟೆ ಬಿಡುವು ಮಾಡ್ಕೊಳ್ಳಿ. ಒಂದು ಟೇಪು, ಒಂದು ನೋಟ್‌ಬುಕ್. ಕಾಲೋನಿಯ ಪ್ರತಿ ಮನೆಗೂ ಹೋಗಿ. ಕೋಣೆ ಎಷ್ಟಡಿ, ಕಿಟಕಿ ಎಷ್ಟಡಿ, ಕಿಟಕಿ ತೆಗೆದ್ರೆ ಏನು ಕಾಣುತ್ತೆ, ಗೋಡೆಗೆ ಶೀತ ಎಷ್ಟೆತ್ತರ ಏರಿದೆ, ಒಲೆ ಯಾವುದು, ಕೆಮ್ಮೋರು ಎಷ್ಟು ಜನ. ಇಷ್ಟೇ ಬರೀರಿ. ಹೆಸರು ಬೇಡ, ಮನೆ ನಂಬರ್ ಸಾಕು. ಆ ಪಟ್ಟಿಯನ್ನು ಮುಂದಿನ ಗ್ರಾಮಸಭೆಯಲ್ಲಿ, ವಾರ್ಡ್ ಸಭೆಯಲ್ಲಿ ಓದಿ, ನಡಾವಳಿಯಲ್ಲಿ ಬರೆಸಿ, ಒಂದು ಪ್ರತಿ ಸಮಾಜ ಕಲ್ಯಾಣ ಇಲಾಖೆಗೆ, ಒಂದು ಆರೋಗ್ಯ ಇಲಾಖೆಗೆ ಕೊಟ್ಟು ಸ್ವೀಕೃತಿ ತಗೊಳ್ಳಿ. ಆಮೇಲೆ ಯಾರಾದ್ರೂ "ಸ್ವಲ್ಪ ಕ್ಲೀನಾಗಿರಿ" ಅಂದ್ರೆ, ಆ ಪಟ್ಟಿ ಅವರ ಟೇಬಲ್ಲಿನ ಮೇಲಿಡಿ.

ಜೈಭೀಮ್.